ಮೂರು ರಾತ್ರಿಯ ನಿಯಮ

ಡಾಕ್ಟರ್ ಚ್ವಾಂಗ್ ನನ್ನ ಮುಂದೆ ಒಂದು ಹಾಳೆ ಇಟ್ಟರು. ಅದರಲ್ಲಿ ಹತ್ತು ಪ್ರಶ್ನೆ. ಹದಿನೆಂಟು ತುಂಬುವ ಮೊದಲು ಮನೆಯಲ್ಲಿ ಯಾರಾದರೂ ಹೊಡೆಯುತ್ತಿದ್ದರೇ, ಕುಡಿಯುತ್ತಿದ್ದರೇ, ತಂದೆ ತಾಯಿಯಲ್ಲಿ ಒಬ್ಬರು ಬಿಟ್ಟುಹೋಗಿದ್ದರೇ, ಹೊಟ್ಟೆಗಿಲ್ಲದೆ ಮಲಗಿದ್ದುಂಟೇ ಎಂಬಂಥವು. ಹೌದು ಅನ್ನುವುದಕ್ಕೆಲ್ಲ ಗುರುತು ಹಾಕಬೇಕು. ನಾನು ಏಳಕ್ಕೆ ಹಾಕಿದೆ. ಶಾಲೆಯಲ್ಲಿ ಯಾವ ಪರೀಕ್ಷೆಯಲ್ಲೂ ನನಗೆ ಹತ್ತಕ್ಕೆ ಏಳು ಬಂದದ್ದಿಲ್ಲ ಡಾಕ್ಟರೇ ಎಂದೆ. ಅವರು ನಗಲಿಲ್ಲ. ನಗಿಸಲು ಹೋದಾಗ ನಗದವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಹೀಗೆ ಹೆಚ್ಚು ಗುರುತು ಬಿದ್ದವರಿಗೆ ಮುಂದೆ ಮನಸ್ಸಿನ ಕಾಯಿಲೆ ಬರುವ ಸಂಭವ ಉಳಿದವರಿಗಿಂತ ಜಾಸ್ತಿ, ಆದರೆ ಬಂದೇ ತೀರಬೇಕೆಂದೇನಿಲ್ಲ ಎಂದು ಅವರು ನಿಧಾನವಾಗಿ ವಿವರಿಸಿದರು. ಆಮೇಲೆ ಹಾಳೆಯಲ್ಲಿ ಇಲ್ಲದ ಒಂದು ಪ್ರಶ್ನೆ ಕೇಳಿದರು. ಆ ದಿನಗಳಲ್ಲಿ ನಿಮ್ಮ ಬೆನ್ನಿಗೆ ನಿಂತ ದೊಡ್ಡವರು ಒಬ್ಬರಾದರೂ ಇದ್ದರೇ ಎಂದು. ಹಾಗೆ ಒಬ್ಬರಿದ್ದರೂ ಮಗು ಎಷ್ಟೋ ತಡೆದುಕೊಳ್ಳುತ್ತದಂತೆ. ಯಾರೂ ಇರಲಿಲ್ಲ ಎಂದು ನಾನು ಥಟ್ಟನೆ ಹೇಳಿಬಿಟ್ಟೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ನನ್ನದೂ ಅದೇ ಕತೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ನಾನು ಯುನ್. ಚಿಯಾಯಿ ಪೇಟೆಯಲ್ಲಿ ಎರಡು ಕುರ್ಚಿಯ ಕ್ಷೌರದಂಗಡಿ ನಡೆಸುತ್ತೇನೆ, ಹೆಂಗಸರಿಗೆ ಮಾತ್ರ. ಗಂಡ ವೆಯ್‌-ತೆ ಎಲೆಕ್ಟ್ರಿಕ್ ಕೆಲಸದವನು, ಹತ್ತು ಮಾತಿಗೆ ಒಂದು ಮಾತಾಡುವವನು. ಮಗಳು ರೂಯಿಗೆ ಎಂಟು ವರ್ಷ. ಫೆಬ್ರವರಿಯಲ್ಲಿ ನಮ್ಮ ಹೊಸ ವರ್ಷದ ಹಬ್ಬ ಮುಗಿದ ವಾರ ಊಟಕ್ಕೆ ಕೂತಿದ್ದೆವು. ರೂಯಿಯ ಕೈಯಿಂದ ಮೀನುಂಡೆ ಸೂಪಿನ ಬಟ್ಟಲು ಜಾರಿ ನೆಲಕ್ಕೆ ಬಿತ್ತು. ನನ್ನ ಕೈ ಮೇಲೆದ್ದಿತು. ಎದ್ದದ್ದು ನಿಜ, ಇಳಿದಿರಲಿಲ್ಲ. ಅಷ್ಟರಲ್ಲಿ ಮಗಳು ಮೇಜಿನ ಕೆಳಗೆ ಹೋಗಿ, ಎರಡೂ ತೋಳಿನಿಂದ ತಲೆ ಮುಚ್ಚಿಕೊಂಡು ಮುದುರಿ ಕೂತಿದ್ದಳು. ಆ ಮುದುರುವುದನ್ನು ನಾನು ಅವಳಿಗೆ ಕಲಿಸಿರಲಿಲ್ಲ. ಆದರೆ ನನಗೆ ಅದು ಚೆನ್ನಾಗಿ ಗೊತ್ತಿತ್ತು, ಅವಳ ವಯಸ್ಸಿನಲ್ಲಿ ನಾನೂ ಹಾಗೇ ಕೂರುತ್ತಿದ್ದೆ. ತಲೆ ಎತ್ತಿ ನೋಡಿದರೆ ಗಾಳಿಯಲ್ಲಿ ನಿಂತಿದ್ದದ್ದು ನನ್ನ ಅಪ್ಪನ ಕೈ.

ಅವತ್ತಿನಿಂದ ನಾನು ಹಾಸಿಗೆ ಹಿಡಿದೆ. ಕತ್ತರಿ ಹಿಡಿದರೆ ಬೆರಳು ನಡುಗುತ್ತಿದ್ದವು, ಎದೆ ಹೊಡೆದುಕೊಂಡು ಉಸಿರು ಸಿಕ್ಕಿಹಾಕಿಕೊಳ್ಳುತ್ತಿತ್ತು. ಅಂಗಡಿಗೆ ಬಾಗಿಲು ಹಾಕಿದೆ. ಮೂರು ವಾರ ತಲೆ ಬಾಚಿಕೊಳ್ಳದೆ ಬಿದ್ದಿದ್ದೆ, ಊರ ತಲೆಗಳನ್ನೆಲ್ಲ ಬಾಚುವವಳು. ವೆಯ್‌-ತೆ ನನ್ನನ್ನು ಡಾಕ್ಟರ್ ಚ್ವಾಂಗ್ ಹತ್ತಿರ ಕರೆದುಕೊಂಡು ಹೋದ. ಮಾತ್ರೆ ಶುರುವಾದವು, ವಾರಕ್ಕೊಮ್ಮೆ ಮಾತು ಶುರುವಾಯಿತು, ಏಪ್ರಿಲ್ ಹೊತ್ತಿಗೆ ನನಗೆ ಬೆಳಗು ಬೆಳಗಿನಂತೆ ಕಾಣತೊಡಗಿತು.

ಆದರೆ ಮಗಳು ಸರಿಹೋಗಲಿಲ್ಲ.  ನಾನು ಹತ್ತಿರ ಹೋದರೆ ಗೋಡೆಗೆ ಸರಿಯುತ್ತಿದ್ದಳು. ನಾನು ಲೆಕ್ಕ ಹಾಕಿದೆ. ಅಪ್ಪನಿಂದ ನನಗೆ ಬಂತು, ನನ್ನಿಂದ ಇವಳಿಗೆ ಹೋಗುತ್ತಿದೆ, ಮೂವತ್ತು ವರ್ಷ ಆದಮೇಲೆ ಇವಳೂ ಯಾವುದೋ ಡಾಕ್ಟರ ಮುಂದೆ ಕೂತು ಹಾಳೆಗೆ ಗುರುತು ಹಾಕುತ್ತಾಳೆ. ಅದು ಆಗಕೂಡದು. ನನ್ನಿಂದ ದೂರ ಇಟ್ಟರೆ ಮಗು ಉಳಿಯುತ್ತದೆ ಎಂದು ತೀರ್ಮಾನಿಸಿದೆ. ಜೂನ್ ಕೊನೆಗೆ ಶಾಲೆ ಮುಗಿದ ಮೇಲೆ ರೂಯಿಯನ್ನು ತೈನಾನ್‌ನಲ್ಲಿರುವ ಅತ್ತೆಯ ಮನೆಗೆ ಕಳಿಸುವುದು, ಅಲ್ಲೇ ಶಾಲೆಗೆ ಸೇರಿಸುವುದು. ವೆಯ್‌-ತೆಗೆ ಹೇಳಿದರೆ ಅವನು ತಂತಿ ಸುತ್ತುತ್ತಾ, ನಿನ್ನ ಮನಸ್ಸಿಗೆ ಯಾವುದು ನೆಮ್ಮದಿಯೋ ನೋಡು ಎಂದ. ಅವನ ಕಣ್ಣು ಒದ್ದೆಯಾಗಿದ್ದನ್ನು ನಾನು ನೋಡಿಯೂ ನೋಡದ ಹಾಗೆ ಇದ್ದೆ. ಅಷ್ಟರಲ್ಲಿ ರೂಯಿ ಹಾಸಿಗೆ ಒದ್ದೆ ಮಾಡಿಕೊಳ್ಳತೊಡಗಿದಳು, ನಿದ್ದೆಯಲ್ಲಿ ಬೆಚ್ಚಿ ಕೂಗತೊಡಗಿದಳು, ನನ್ನ ತೀರ್ಮಾನ ಇನ್ನೂ ಗಟ್ಟಿಯಾಯಿತು.

ಅತ್ತೆಗೆ ಫೋನು ಮಾಡಿದೆ. ಅತ್ತೆ ಒಳ್ಳೆಯ ಹೆಂಗಸು, ನಾಲಿಗೆ ಮಾತ್ರ ಸ್ವಲ್ಪ ಉದ್ದ. ಮೊಮ್ಮಗಳನ್ನು ಇಟ್ಟುಕೊಳ್ಳಲು ಅವರಿಗೇನೂ ತಕರಾರಿರಲಿಲ್ಲ, ಆದರೆ ಮೊದಲು ಮಗುವಿನ ಹೆದರಿಕೆ ತೆಗೆಸು ಎಂದರು. ಬೆಚ್ಚಿದ ಮಗುವಿನ ಜೀವ ಮೈಬಿಟ್ಟು ಹೋಗಿ ಬೀದಿಯಲ್ಲಿ ಅಲೆಯುತ್ತಿರುತ್ತದೆ, ಅದನ್ನು ಕರೆದು ಮೈಗೆ ಸೇರಿಸದೆ ಊರು ಬದಲಿಸಿದರೆ ಪಾಪ, ಅದಕ್ಕೆ ದಾರಿ ತಪ್ಪುವುದಿಲ್ಲವೇ ಎಂಬುದು ಅವರ ವಾದ. ತಮ್ಮ ಬೀದಿಯ ಗುಡಿಯಲ್ಲೇ ಒಬ್ಬಳು ಚೆನ್ನಾಗಿ ಮಾಡುತ್ತಾಳಂತೆ. ಮಾಡಿಸುವುದಾದರೆ ನಾನು ಹುಟ್ಟಿ ಬೆಳೆದ ಬುದೈ ಊರಿನ ಕುಯಿ ಅಜ್ಜಿಯ ಹತ್ತಿರವೇ ಮಾಡಿಸುತ್ತೇನೆ, ನನಗೆ ಚಿಕ್ಕಂದಿನಲ್ಲಿ ಮಾಡಿದವರು ಅವರೇ, ಆದರೆ ಮೂರು ರಾತ್ರಿ ಶಾಲೆ ತಪ್ಪುತ್ತದಲ್ಲ ಎಂದೆ.

"ಮೂರು ರಾತ್ರಿನಾ? ಯಾಕೆ?" ಎಂದರು ಅತ್ತೆ.

"ಅದೇ ಅತ್ತೆ, ಹೆದರಿಕೆ ತೆಗೆದೋರ ಮನೇಲೇ ಮಗು ಮೂರು ರಾತ್ರಿ ಮಲಗ್ಬೇಕಲ್ಲ."

"ಯಾವ ಊರಿನ ನಿಯಮಾನೇ ಅದು? ಹತ್ತು ನಿಮಿಷದ ಕೆಲಸ. ಮುಗಿಸ್ಕೊಂಡು ಎದುರುಗಡೆ ಶಾವಿಗೆ ತಿಂದು ಮನೆಗೆ ಬರೋದು. ಅರವತ್ತು ವರ್ಷದಿಂದ ನೋಡ್ತಿದೀನಿ, ಎಲ್ಲೂ ಕೇಳಿಲ್ಲ."

ನಾನು ವಾದಕ್ಕೆ ನಿಂತೆ. ನನ್ನ ಜಾಯಮಾನವೇ ಅದು. ಅತ್ತೆ ಸುಮ್ಮನಿರುವವರೇ? ಗುಡಿಯವಳನ್ನು ಕೇಳಿದರು, ತಮ್ಮ ಅಕ್ಕನನ್ನು ಕೇಳಿದರು, ಸಂಜೆಗೆ ಮತ್ತೆ ಫೋನು ಮಾಡಿ, ಯಾರೂ ಕೇಳಿಲ್ಲ ಕಣೇ, ನಿಮ್ಮ ಅಜ್ಜಿ ನಿನ್ನ ಕಿವಿಗೆ ಹೂವಿಟ್ಟಿದ್ದಾಳೆ ಎಂದು ನಕ್ಕರು. ಫೋನಿಟ್ಟ ನಾನು ಅಡುಗೆಮನೆಯ ನೆಲದ ಮೇಲೆ ಹಾಗೇ ಕೂತುಬಿಟ್ಟೆ.

ನಾನು ಆರು ವರ್ಷದವಳಿದ್ದಾಗ ಅಮ್ಮ ಮನೆ ಬಿಟ್ಟು ಹೋದಳು. ಅಪ್ಪ ಕಡಲಲ್ಲಿ ಸಿಂಪಿ ಎಂಬ ಚಿಪ್ಪುಜೀವಿ ಬೆಳೆಸುವ ತೆಪ್ಪದ ಮೇಲೆ ಕೆಲಸಕ್ಕೆ ಹೋಗುತ್ತಿದ್ದ, ಉಳಿದ ಹೊತ್ತು ಕುಡಿಯುತ್ತಿದ್ದ. ಕುಡಿದರೆ ಕೈಗೆ ಸಿಕ್ಕಿದ್ದೇ ಆಯುಧ. ಎರಡು ಮನೆ ಆಚೆ ಕುಯಿ ಅಜ್ಜಿ. ಇಡೀ ದಿನ ಬಾಗಿಲಲ್ಲಿ ಮೋಟು ಮಣೆಯ ಮೇಲೆ ಕೂತು ಚಿಪ್ಪು ಒಡೆದು ಸಿಂಪಿ ಬಿಡಿಸುವುದು ಅವರ ಕೆಲಸ, ಹೆದರಿಕೆ ತೆಗೆಯುವುದು ಅವರಿಗೆ ಅತ್ತೆಯಿಂದ ಬಂದ ವಿದ್ಯೆ. ನಮ್ಮ ಮನೆಯಲ್ಲಿ ಗಲಾಟೆ ಎದ್ದರೆ ಅವರು ಸಿಂಪಿಯ ಕತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದುಬಿಡುತ್ತಿದ್ದರು. ಅಪ್ಪನನ್ನು ಒಂದು ಮಾತೂ ಅನ್ನುತ್ತಿರಲಿಲ್ಲ. ನನ್ನ ಮುಖ ನೋಡಿ, ಅಯ್ಯೋ ಈ ಹುಡುಗಿ ಬೆಚ್ಚಿದಾಳೆ ಅನ್ನುವರು. ಲೋಟದ ತುಂಬ ಅಕ್ಕಿ ಅಳೆದು, ನಾನು ತೊಟ್ಟಿದ್ದ ಅಂಗಿಯಲ್ಲೇ ಬಿಗಿಯಾಗಿ ಸುತ್ತಿ, ಊದುಕಡ್ಡಿ ಹಚ್ಚಿ ನನ್ನ ತಲೆ, ಎದೆ, ಬೆನ್ನಿನ ಮೇಲೆ ನಿವಾಳಿಸುವರು. ಬಿಚ್ಚಿ ನೋಡಿದರೆ ಅಕ್ಕಿ ಎಲ್ಲೋ ಒಂದು ಕಡೆ ಕುಸಿದಿರುತ್ತದೆ. ಆ ಗುಳಿಯ ಆಕಾರದಲ್ಲಿ ಹೆದರಿಸಿದ್ದು ಯಾವುದು ಅನ್ನುವುದು ಕಾಣುತ್ತದೆ. ಅಜ್ಜಿ ಪ್ರತಿ ಸಲವೂ ಅಪ್ಪನಿಗೆ ಅದನ್ನು ತೋರಿಸಿ ಹೇಳುತ್ತಿದ್ದದ್ದು ಒಂದೇ, ನಾಯಿ.

ನಮ್ಮ ಓಣಿಯಲ್ಲಿ ನಾಯಿಯೇ ಇರಲಿಲ್ಲ. ನಾನೋ, ಹನ್ನೆರಡು ವರ್ಷದವರೆಗೆ ಆ ಕಾಣದ ನಾಯಿಗೆ ಹೆದರಿ ಓಣಿಯ ಅಂಚಿನಲ್ಲೇ ನಡೆಯುತ್ತಿದ್ದೆ. ಆಮೇಲೆ ಅಜ್ಜಿ ನಿಯಮ ಹೇಳುವರು: ಇವಳು ನನ್ನ ಮನೆಯಲ್ಲಿ ಮೂರು ರಾತ್ರಿ ಮಲಗಬೇಕು, ತಪ್ಪಿದರೆ ಇವಳ ಹೆದರಿಕೆ ಹೋಗಿ ಮನೆಯ ಗಂಡಸಿಗೆ ಅಂಟಿಕೊಳ್ಳುತ್ತದೆ. ಅಪ್ಪ ಪೊಲೀಸರಿಗೆ ಹೆದರುವ ಆಸಾಮಿಯಲ್ಲ, ಇದಕ್ಕೆ ಹೆದರುತ್ತಿದ್ದ. ತಾನೇ ನನ್ನ ದಿಂಬು ತಂದುಕೊಡುತ್ತಿದ್ದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಮೂರು ರಾತ್ರಿ ನಾನು ಗೆಣಸಿನ ಗಂಜಿ, ಹುರಿದ ಹೂಮೀನು ತಿಂದು ಅಜ್ಜಿಯ ಬೆನ್ನಿಗೆ ಬೆನ್ನು ಕೊಟ್ಟು ಮಲಗುತ್ತಿದ್ದೆ. ತಿಂಗಳಿಗೆ ಎರಡು ಸಲ, ಒಮ್ಮೊಮ್ಮೆ ಮೂರು ಸಲ, ಹದಿಮೂರನೇ ವಯಸ್ಸಿಗೆ ಹಾಸ್ಟೆಲ್ ಶಾಲೆ ಸೇರುವ ತನಕ. ಇಷ್ಟೂ ದಿನ ಅದನ್ನು ನಾನು ಹಳೆ ಕಾಲದ ಮೂಢನಂಬಿಕೆ ಅಂದುಕೊಂಡಿದ್ದೆ. ನಿಯಮವೇ ಇರಲಿಲ್ಲ ಅಂತ ನಲವತ್ತನೇ ವಯಸ್ಸಿನಲ್ಲಿ ಅಡುಗೆಮನೆಯ ನೆಲದ ಮೇಲೆ ಗೊತ್ತಾಯಿತು. ಅಂದು ನಾನು ಅತ್ತದ್ದು ದುಃಖಕ್ಕಲ್ಲ. ನನಗೆ ಒಬ್ಬರು ಇದ್ದರು.

ಆ ಭಾನುವಾರವೇ ರೂಯಿಯನ್ನು ಬಸ್ಸು ಹತ್ತಿಸಿಕೊಂಡು ಬುದೈಗೆ ಹೊರಟೆ. ಎಂಟು ವರ್ಷದ ಹಿಂದೆ ಅಪ್ಪನ ಅಂತ್ಯಕ್ರಿಯೆಗೆ ಅರ್ಧ ದಿನ ಹೋಗಿ ಬಂದವಳು ಮತ್ತೆ ಆ ಕಡೆ ಮುಖ ಹಾಕಿರಲಿಲ್ಲ. ಚೀಲದಲ್ಲಿ ರೂಯಿ ಹಿಂದಿನ ದಿನ ತೊಟ್ಟು ಬಿಚ್ಚಿದ್ದ ಅಂಗಿ ಇತ್ತು, ಒಗೆಯದೇ ಇಟ್ಟುಕೊಂಡದ್ದು. ಮೈವಾಸನೆ ಇಲ್ಲದ ಅಂಗಿಯನ್ನು ಜೀವ ಗುರುತು ಹಿಡಿಯುವುದಿಲ್ಲ. ಅಜ್ಜಿ ಏನು ಹೇಳುತ್ತಾರೋ ಅದರ ಮೇಲೆ ಎಲ್ಲ ನಿಂತಿದೆ ಎಂದು ನಾನು ಬಸ್ಸಿನಲ್ಲಿ ನಿಶ್ಚಯ ಮಾಡಿಕೊಂಡಿದ್ದೆ. ಹೆದರಿಸಿದ್ದು ಮನುಷ್ಯರು ಎಂದು ಅಕ್ಕಿಯಲ್ಲಿ ಕಂಡರೆ ಅದು ನಾನೇ, ಮಗಳು ತೈನಾನ್‌ಗೆ ಹೋಗುವುದೇ ಸರಿ. ರೂಯಿ ದಾರಿಯುದ್ದಕ್ಕೂ ಕಿಟಕಿಗೆ ಮೂಗು ಒತ್ತಿಕೊಂಡು ಕೂತಿದ್ದಳು.

ಕುಯಿ ಅಜ್ಜಿ ಅದೇ ಬಾಗಿಲಲ್ಲಿ, ಚಿಪ್ಪಿನ ರಾಶಿಯ ಪಕ್ಕ, ಸಿಂಪಿ ಬಿಡಿಸುತ್ತಾ ಕೂತಿದ್ದರು. ಎಂಬತ್ತಾರು ವರ್ಷ. ಎರಡೂ ಕಣ್ಣು ಮಂಜಾಗಿ ಬೆರಳಿನಿಂದಲೇ ನೋಡುತ್ತಿದ್ದರು. ನಾನು ಯುನ್ ಅಜ್ಜಿ ಎಂದೆ.

"ಗೊತ್ತಾಯ್ತು, ಕಾಲೆಳೆದು ನಡೆಯೋದು ಇನ್ನೂ ಬಿಟ್ಟಿಲ್ಲ. ಜೊತೇಲಿ ಯಾರದು, ಸದ್ದೇ ಇಲ್ಲ?"

"ಮಗಳು, ರೂಯಿ."

"ನಿನ್ನ ಮಗಳು ಇಷ್ಟು ಸುಮ್ನಿದಾಳೆ ಅಂದ್ರೆ ಹುಷಾರಿಲ್ಲ ಅಂತ್ಲೇ ಅರ್ಥ," ಎಂದು ಅಜ್ಜಿ ಕತ್ತಿ ಒರೆಸಿ ಪಕ್ಕಕ್ಕಿಟ್ಟರು.

ರೂಯಿ ಚಿಪ್ಪು ಆರಿಸುತ್ತಾ ಆಚೆ ಹೋದಾಗ ನಾನು ಕೇಳಿಯೇಬಿಟ್ಟೆ. ಆ ಮೂರು ರಾತ್ರಿಯ ನಿಯಮ ಯಾರು ಕಲಿಸಿದ್ದು ಎಂದು. 

"ಯಾರೂ ಕಲಿಸಿಲ್ಲ. ನಿಮ್ಮಪ್ಪನಿಗೆ ಏರಿದ್ದು ಇಳಿಯೋಕೆ ಮೂರು ದಿನ ಬೇಕಾಗ್ತಿತ್ತು, ಅದಕ್ಕೆ ಮೂರು. ಎರಡು ದಿನಕ್ಕೆ ಇಳಿದಿದ್ರೆ ಎರಡು ಅಂತಿದ್ದೆ."

"ನಾಯಿ?"

"ಮತ್ತೇನನ್ಲಿ? ನೀನೇ ಕಣೋ ಅಂದ್ರೆ ಅವನು ನನ್ನ ಹೊಸಲು ತುಳಿಯೋಕೆ ನಿನ್ನ ಬಿಡ್ತಿದ್ನಾ? ದೇವರ ಹೆಸರಲ್ಲಿ ಸುಳ್ಳು ಹೇಳಿದ್ದು ಹೌದು. ಪ್ರತಿ ಸಲ ಕಡಲಮ್ಮನ ಗುಡಿಗೆ ಹೋಗಿ ಮರದ ಬಿಲ್ಲೆ ಎಸೆದು ಕೇಳ್ತಿದ್ದೆ, ತಾಯಿ ಇದು ಸರಿನಾ ಅಂತ. ಒಂದ್ ಸಲಾನೂ ಅವಳು ಇಲ್ಲ ಅನ್ಲಿಲ್ಲ."

ನಾನು ಆ ಚಿಪ್ಪಿನ ಚೂರುಗಳ ಮೇಲೇ ಮಂಡಿಯೂರಿ ಅವರ ಪಾದಕ್ಕೆ ಹಣೆ ಹಚ್ಚಿದೆ. ಇಪ್ಪತ್ತೇಳು ವರ್ಷ ತಡವಾಗಿ ಹೇಳ್ತಿದೀನಿ ಅಜ್ಜಿ, ನಿಮ್ಮಿಂದಲೇ ನಾನು ಉಳಿದೆ ಎಂದೆ. ಹಾಸಿಗೆ ಹಿಡಿದದ್ದು ನಿಜ, ಆದರೆ ಎದ್ದೂ ಕೂತಿದ್ದೇನೆ. ಏಳಲು ಬೇಕಾದ ಬಲ ನಾನು ಮಾತ್ರೆಯೊಂದರಿಂದಲೇ ತಂದದ್ದಲ್ಲ, ಈ ಮನೆಯ ಚಾಪೆಯಿಂದಲೂ ತಂದದ್ದು. ಹೀಗೆಲ್ಲ ಅಳುತ್ತಾ ಹೇಳಿದೆ. ಅಜ್ಜಿ ನನ್ನ ತಲೆ ತಡವಿ, ಏಳು, ಚಿಪ್ಪು ಮಂಡಿಗೆ ಚುಚ್ಚುತ್ತೆ, ನೀನು ನಿದ್ದೆಯಲ್ಲಿ ಒದೆಯುತ್ತಿದ್ದದ್ದಕ್ಕೆ ನನ್ನ ಸೊಂಟ ಇವತ್ತಿಗೂ ಸರಿಯಾಗಿಲ್ಲ, ಅದಕ್ಕೆ ಮೊದಲು ಕ್ಷಮೆ ಕೇಳು ಎಂದು ಗದರಿದರು. 

ಆಮೇಲೆ ಬಂದ ಕೆಲಸ ಹೇಳಿದೆ. ಸೂಪಿನ ಬಟ್ಟಲು, ಮೇಲೆದ್ದ ಕೈ, ಹಾಸಿಗೆ, ಮಾತ್ರೆ, ಎಲ್ಲ. ಈ ಸಲ ನಾಯಿ ಗೀಯಿ ಅನ್ನಬೇಡಿ, ಕಂಡದ್ದನ್ನು ಕಂಡ ಹಾಗೆ ಹೇಳಿ, ಅದರ ಮೇಲೆ ನಾನೊಂದು ತೀರ್ಮಾನ ಮಾಡಬೇಕು ಎಂದೆ. ಏನು ತೀರ್ಮಾನ ಎಂದು ಅಜ್ಜಿ ಕೇಳಲಿಲ್ಲ.

ಲೋಟಕ್ಕೆ ಅಕ್ಕಿ ತುಂಬಿ ಅಂಗೈಯಿಂದ ಸಮ ಮಾಡಿ, ರೂಯಿಯ ಅಂಗಿಯಲ್ಲಿ ಸುತ್ತಿದರು. ರೂಯಿಯನ್ನು ಮಣೆಯ ಮೇಲೆ ಕೂರಿಸಿ ಊದುಕಡ್ಡಿಯ ಹೊಗೆಯಲ್ಲಿ ನಿವಾಳಿಸಿದರು. ಮಂತ್ರ ಅದೇ, ಪೂರ್ವದಲ್ಲಿದ್ದರೆ ಪೂರ್ವದಿಂದ ಬಾ, ನೀರಲ್ಲಿದ್ದರೆ ನೀರಿಂದ ಬಾ. ಮುಗಿಸಿ ಅಂಗಿ ಬಿಚ್ಚಿ ಲೋಟ ಮಡಿಲಲ್ಲಿಟ್ಟುಕೊಂಡು ಬೆರಳಾಡಿಸಿದರು.  ಅಜ್ಜಿ ತಲೆಯಾಡಿಸಿ ಲೋಟವನ್ನು ಮಗುವಿನ ಕೈಗೆ ಕೊಟ್ಟರು.

"ನಂಗೆ ಕಣ್ಣು ಕಾಣಲ್ಲ ಮಗ. ಗುಳಿ ಬಿದ್ದಿದ್ಯಲ್ಲ, ಅದು ಏನ್ ಥರ ಇದೆ ಅಂತ ನೀನೇ ನೋಡಿ ಹೇಳು."

ರೂಯಿ ಲೋಟದೊಳಗೆ ಬಹಳ ಹೊತ್ತು ನೋಡಿದಳು. ನನ್ನ ಕಡೆ ಒಮ್ಮೆ ನೋಡಿ ಮತ್ತೆ ತಲೆ ತಗ್ಗಿಸಿದಳು.

"ಸೂಟ್‌ಕೇಸು," ಎಂದಳು.

"ಯಾರದು?"

"ನಂದು. ನೀಲಿದು. ಅಮ್ಮ ಕಪಾಟಿನ ಮೇಲೆ ಇಟ್ಟಿದಾಳೆ. ನಾನು ಸೂಪ್ ಚೆಲ್ಲಿದ್ದಕ್ಕೆ ನನ್ನ ತೈನಾನ್ ಅಜ್ಜಿ ಮನೆಗೆ ಕಳಿಸ್ತಾಳೆ. ಅಪ್ಪಂಗೆ ಹೇಳ್ತಿದ್ದಿದ್ದು ಕೇಳ್ತು."

 ಆ ಸೂಟ್‌ಕೇಸನ್ನು ತಂದು, ಅವಳಿಗೆ ಕಾಣದಿರಲಿ ಎಂದು ಹಳೆ ಹೊದಿಕೆ ಮುಚ್ಚಿ ಮೇಲಿಟ್ಟಿದ್ದೆ. ಹಾಸಿಗೆ ಒದ್ದೆಯಾಗತೊಡಗಿದ್ದು ಯಾವಾಗ ಎಂದು ಮನಸ್ಸಿನಲ್ಲೇ ಹಿಂದಕ್ಕೆ ಎಣಿಸಿದೆ. ಸೂಪು ಚೆಲ್ಲಿದ ವಾರವಲ್ಲ. ವೆಯ್‌-ತೆಗೂ ನನಗೂ ಮಾತಾದ ವಾರ. ಮಗುವನ್ನು ಉಳಿಸಲು ಎಂದು ನಾನು ಮಾಡಿದ ಕೆಲಸವೇ ಮಗುವಿನ ನಿದ್ದೆ ತಿಂದಿತ್ತು. ನನ್ನ ಬುದ್ಧಿಗೆ ಬೆಂಕಿ ಹಾಕಬೇಕು.

ನಾನು ಅವಳ ಮುಂದೆ ಕೂತೆ. ಮುಟ್ಟಲಿಲ್ಲ, ಅವಳಾಗಿ ಬರಲಿ ಎಂದು.

"ಸೂಪ್ ಚೆಲ್ಲಿದ್ದಕ್ಕಲ್ಲ ಪುಟ್ಟ. ಚೆಲ್ಲಿದ್ದು ತಪ್ಪೇ ಅಲ್ಲ. ನಾನು ಕೈ ಎತ್ತಿದೆ, ನೀನು ಹೆದರಿಕೊಂಡೆ. ಅದು ನನ್ನ ತಪ್ಪು. ಇನ್ನೊಂದ್ಸಲ ಹಾಗಾಗ್ಬಾರ್ದು ಅಂತ ಕಳಿಸೋಣ ಅಂದ್ಕೊಂಡೆ."

ರೂಯಿ ಹುಬ್ಬು ಗಂಟಿಕ್ಕಿದಳು. ಥೇಟ್ ನನ್ನದೇ ಹುಬ್ಬು.

"ತಪ್ಪು ನಿಂದು ಅಂದ್ಮೇಲೆ ನಾನ್ಯಾಕೆ ಹೋಗ್ಬೇಕು?"

ನಾನು ಅಜ್ಜಿಯ ಕಡೆ ನೋಡಿದೆ, ಎಂದಿನಂತೆ ಅವರೇ ಏನಾದರೂ ಹೇಳಿ ಪಾರುಮಾಡಲಿ ಎಂದು. ಅಜ್ಜಿ ಮುಖ ಬೇರೆ ಕಡೆ ತಿರುಗಿಸಿಕೊಂಡು, ನನ್ನ ಕೇಳಿದ್ದಲ್ಲ, ನಿನ್ನ ಕೇಳಿದ್ದು ಎಂದರು.

"ಹೋಗ್ಬೇಡ," ಎಂದೆ. "ಎಲ್ಲಿಗೂ ಹೋಗ್ಬೇಡ. ನಂಗೆ ಸಿಟ್ಟು ಬಂದ್ರೆ ನಾನೇ ಬಾಲ್ಕನಿಗೆ ಹೋಗ್ತೀನಿ. ಡಾಕ್ಟರ್ ಹತ್ರಾನೂ ಹೋಗ್ತಿದೀನಿ, ಬಿಡಲ್ಲ."

"ಮಳೆ ಬರ್ತಿದ್ರೆ?"

"ನೆನೀತೀನಿ."

ಅವಳು ಅದನ್ನು ಯೋಚಿಸಿ ನೋಡಿದಳು. ಒಪ್ಪಿಗೆಯಾಯಿತೋ ಏನೋ, ಲೋಟವನ್ನು ಅಜ್ಜಿಗೆ ವಾಪಸು ಕೊಟ್ಟು ನನ್ನ ಪಕ್ಕಕ್ಕೆ ಬಂದು ಕೂತಳು. ಅವಳ ಮೊಣಕೈ ನನ್ನ ತೊಡೆಗೆ ತಾಗಿತು. ಎರಡು ತಿಂಗಳಲ್ಲಿ ಅವಳಾಗಿ ನನ್ನನ್ನು ತಾಗಿದ್ದು ಅದೇ ಮೊದಲು.

ಆಗ ಕುಯಿ ಅಜ್ಜಿ ಮಾತಾಡಿದರು. ಮಾತು ನನಗೆ, ಮುಖ ಮಾತ್ರ ಅಕ್ಕಿಯ ಕಡೆಗೆ.

"ಐವತ್ತೆಂಟು ವರ್ಷದಿಂದ ಮಕ್ಕಳ ಹೆದರಿಕೆ ತೆಗೀತಿದೀನಿ ಯುನ್. ಪಕ್ಕದ ಮನೆಯೋರು ಕರ್ಕೊಂಡು ಬಂದಿದಾರೆ, ಅಜ್ಜಿಯರು ಬಂದಿದಾರೆ, ಒಂದೊಂದ್ಸಲ ಮಕ್ಕಳು ತಾವೇ ಓಡಿ ಬಂದಿವೆ. ಹೆದರಿಸಿದೋರೇ ಮಗೂನ ಕೈ ಹಿಡ್ಕೊಂಡು ಬಂದಿದ್ದು ಒಬ್ರನ್ನೂ ನೋಡಿರ್ಲಿಲ್ಲ. ಇವತ್ತು ನೋಡ್ದೆ. ನೀನು ನಿಮ್ಮಪ್ಪ ಅಲ್ಲ."

ಆ ಮಾತಿಗೆ ನಾನು ಎಷ್ಟು ಋಣಿ ಎಂದು ಹೇಳಲು ನನಗೆ ಬರುವುದಿಲ್ಲ. ಯಾರಾದರೂ ಅದನ್ನು ಹೇಳಲಿ ಎಂದು ಫೆಬ್ರವರಿಯಿಂದ ಕಾದಿದ್ದೆ. ಡಾಕ್ಟರ್ ಹೇಳಿದ್ದರು, ವೆಯ್‌-ತೆಯೂ ತನ್ನ ಒಂದು ಮಾತಿನಲ್ಲಿ ಹೇಳಿದ್ದ, ಕಿವಿಗೆ ಬಿದ್ದಿತ್ತು ಅಷ್ಟೆ. ಅಪ್ಪನನ್ನು ಕಣ್ಣಾರೆ ಕಂಡವರ ಬಾಯಿಂದ ಬಂದಾಗ ಅದು ಮನಸ್ಸಿಗೆ ಇಳಿಯಿತು.

ಅಜ್ಜಿ ಗುಳಿಬಿದ್ದ ಕಡೆ ಒಂದು ಹಿಡಿ ಅಕ್ಕಿ ತುಂಬಿ, ಮತ್ತೆ ಅಂಗಿ ಸುತ್ತಿ, ಎರಡನೇ ಸುತ್ತಿಗೆ ಊದುಕಡ್ಡಿ ಹಚ್ಚಿದರು. ಈ ಸುತ್ತಿನಲ್ಲಿ ಹೆತ್ತವರು ಮಗುವಿನ ಹೆಸರು ಹಿಡಿದು ಬಂದೆಯಾ ಎಂದು ಅದರ ಜೀವವನ್ನು ಕರೆಯಬೇಕು, ಮಗುವಿನ ಪರವಾಗಿ ಇನ್ನೊಬ್ಬರು ‘ಬಂದೆ’ ಎನ್ನಬೇಕು, ನಿಮ್ಮಪ್ಪ ಒಂದು ದಿನವೂ ಕರೆಯಲಿಲ್ಲ, ಎರಡೂ ನಾನೇ ಹೇಳಿಕೊಳ್ಳುತ್ತಿದ್ದೆ, ನೀನು ಗಟ್ಟಿಯಾಗಿ ಕರೆ ಎಂದರು. ಓಣಿಯಲ್ಲಿ ಸಿಂಪಿ ಬಿಡಿಸುತ್ತಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು ಕಡಲಿಗೆ ಕೇಳುವ ಹಾಗೆ ಕೂಗಿದೆ.

"ರೂಯಿ, ಬಂದ್ಯಾ?"

ಮಗಳು ಕಿವಿ ಮುಚ್ಚಿಕೊಂಡು ನನ್ನನ್ನು ದುರುಗುಟ್ಟಿ ನೋಡಿದಳು.

"ಯಾಕಮ್ಮ ಅಷ್ಟು ಜೋರಾಗಿ ಕಿರುಚ್ತೀಯ? ಇಲ್ಲೇ ಇದೀನಲ್ಲ."